ಲೈನು ದಾಟದ ಹೊಲ

ಚಿನ್ನಮ್ಮನಪಲ್ಲಿ, ಪಾವಗಡ ತಾಲ್ಲೂಕು
9 ಮಾರ್ಚ್ 2024

ಅಣ್ಣನಿಗೆ,

ಫೋನ್ ಮಾಡಿದಾಗಲೆಲ್ಲ ಮೀಟಿಂಗ್‌ನಲ್ಲಿದ್ದೇನೆ ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀಯೆಂದು ಬರೆಯುತ್ತಿದ್ದೇನೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಶುರು ಮಾಡುವ ಮನಸ್ಸಿಲ್ಲ.

ನಮ್ಮೂರಿನ ಹೊರಗೆ ನೀನು ಕಟ್ಟಿಸುತ್ತಿರುವ ಸಬ್‌ಸ್ಟೇಷನ್ ಹೋದ ವರ್ಷದಿಂದ ಹಾಗೇ ನಿಂತಿದೆ. ಗೇಟಿನ ಬೋರ್ಡಿನಲ್ಲಿ ಕೆಲಸ ಮುಗಿಸಬೇಕಾದ ತಾರೀಖು ಬಿಸಿಲಿಗೆ ಮಾಸಿಹೋಗಿದೆ. ಅದರ ಕೆಳಗೆ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಬಸವೇಶ್ ಎಂಬ ಹೆಸರು ಮಾತ್ರ ಚೆನ್ನಾಗಿ ಕಾಣುತ್ತದೆ. ನಾನು ನಿನ್ನ ತಂಗಿ ಎಂದು ಊರಿಗೆಲ್ಲ ಗೊತ್ತು. ನಮ್ಮ ಆಸ್ಪತ್ರೆಗೆ ಇಂಜೆಕ್ಷನ್‌ಗೆ ಬಂದವರು ತೋಳು ಮಡಿಸುತ್ತಲೇ ಕೇಳುತ್ತಾರೆ, "ಏನ್ ಸಿಸ್ಟರಮ್ಮ, ನಿಮ್ಮಣ್ಣ ಕರೆಂಟ್ ಯಾವಾಗ ಕೊಡ್ತಾರಂತೆ?" ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನನಗೆ ನಾಚಿಕೆಯಾಗುತ್ತದೆ.

ಸಂಜೆಯಾದರೆ ಆಸ್ಪತ್ರೆಯಲ್ಲಿ ಟ್ಯೂಬ್‌ಲೈಟ್ ಹತ್ತುವಷ್ಟೂ ವೋಲ್ಟೇಜ್ ಇರುವುದಿಲ್ಲ. ಲಸಿಕೆ ಇಡುವ ಫ್ರಿಜ್ ಗೊರಗೊರ ಎಂದು ನಿಂತುಹೋಗುತ್ತದೆ. ಇನ್ವರ್ಟರ್ ಬ್ಯಾಟರಿ ಪೂರ್ತಿ ತುಂಬಿದ್ದನ್ನು ನಾನು ಕಂಡಿಲ್ಲ. ಹೆರಿಗೆ ಕೋಣೆಯಲ್ಲಿ ಎಳೆಗೂಸನ್ನು ಬೆಚ್ಚಗಿಡುವ ವಾರ್ಮರ್ ಕಾಯುವುದೇ ಇಲ್ಲ. ಬಲಸಮುದ್ರದ ಕಡೆ ಬಿಸಿಲು ಹಿಡಿದು ಕರೆಂಟು ಮಾಡಿ, ನಮ್ಮ ತಲೆಯ ಮೇಲೆಯೇ ದೊಡ್ಡ ತಂತಿಗಳಲ್ಲಿ ಎಲ್ಲಿಗೋ ಕಳಿಸುತ್ತಾರೆ. ಅದರ ಕೆಳಗೆ ಕೂತು ನಾವು ಟಾರ್ಚ್ ಹಿಡಿದು ಹೊಲಿಗೆ ಹಾಕುತ್ತೇವೆ.

ಕೆಲಸ ಯಾಕೆ ನಿಂತಿದೆ? ಯಾವಾಗ ಮುಗಿಯುತ್ತದೆ? ಇಷ್ಟೇ ಕೇಳುತ್ತಿದ್ದೇನೆ. ಪತ್ರಿಕೆಯವರಿಗೆ ಹೇಳುವಂತೆ ಹೇಳಬೇಡ, ತಂಗಿಗೆ ಹೇಳುವಂತೆ ಹೇಳು.

ಲೋಹಿತಾ


ಮಧುಗಿರಿ
2 ಏಪ್ರಿಲ್ 2024

ಲೋಹಿತಾಗೆ,

ಪತ್ರ ತಲುಪಿತು. ಕಟ್ಟಡದ ಕೆಲಸ ಬಹುಪಾಲು ಮುಗಿದಿದೆ. ಟ್ರಾನ್ಸ್‌ಫಾರ್ಮರ್ ಬಂದಿದೆ. ಸ್ಟೇಷನ್‌ಗೆ ಕರೆಂಟು ತರಬೇಕಾದ ಲೈನಿನಲ್ಲಿ ಒಂದು ಟವರ್‌ಗೆ ಜಮೀನಿನವರು ತಕರಾರು ಮಾಡಿ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದಾರೆ. ಅದು ತೆರವಾಗದೆ ನಾವು ಏನೂ ಮಾಡುವಂತಿಲ್ಲ.

ಇದಕ್ಕಿಂತ ಹೆಚ್ಚು ಬರೆಯುವುದು ಸರಿಯಲ್ಲ. ಕಾರಣ ನಿನಗೆ ತಿಳಿಯದ್ದೇನೂ ಅಲ್ಲ. ನನ್ನ ಕೈಯಿಂದ ಏನು ಬರೆಸಿಕೊಳ್ಳಬೇಕೆಂದು ಈ ಪತ್ರ ಬರೆದೆಯೋ, ಬರೆಯಲು ಯಾರು ಹೇಳಿದರೋ, ನಾನು ಕೇಳುವುದಿಲ್ಲ. ಭಾವನಿಗೆ ನಮಸ್ಕಾರ ತಿಳಿಸು.

ಬಸವೇಶ್


ಚಿನ್ನಮ್ಮನಪಲ್ಲಿ
6 ಏಪ್ರಿಲ್ 2024

ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಸಾಹೇಬರಿಗೆ,

ತಂಗಿಗೆ ಬರೆದ ಪತ್ರವೇ ಅದು? ನನಗೆ ಬರೆಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಹೆರಿಗೆ ಕೋಣೆಯಲ್ಲಿ ಒಂದು ಸಂಜೆ ನಿಂತರೆ ನೀನೂ ಬರೆಯುತ್ತೀಯ.

ಕಾರಣ ನನಗೆ ತಿಳಿಯದ್ದೇನೂ ಅಲ್ಲ ಎಂದರೆ ಏನರ್ಥ? ಊರವರು ಹೇಳುವುದೇ ಕಾರಣವೇ? ನಿನಗೂ ಕಾಂಟ್ರಾಕ್ಟರ್ ಚೇತನ್ ಕುಮಾರನಿಗೂ ಒಳಗೊಳಗೇ ಹೊಂದಾಣಿಕೆ ಇದೆ, ಕೆಲಸ ಎಳೆದಷ್ಟೂ ಇಬ್ಬರಿಗೂ ಲಾಭ ಎನ್ನುತ್ತಾರೆ. ಇಷ್ಟು ದಿನ ಅವರ ಬಾಯಿ ಮುಚ್ಚಿಸುತ್ತಿದ್ದೆ. ಇನ್ನು ಮುಚ್ಚಿಸುವುದಿಲ್ಲ. ನಿನ್ನ ಪತ್ರವನ್ನು ನಮ್ಮ ಮನೆಯವರಿಗೂ ತೋರಿಸಿದೆ. "ಆಫೀಸಿನೋರು ಬರಿಯೋದೇ ಹಂಗೆ, ಬುಡು" ಎಂದು ತಮ್ಮ ಹುಣಸೆಹಣ್ಣಿನ ಮಂಡಿಗೆ ಹೊರಟುಹೋದರು.

ಆ ಜಮೀನಿನವರು ಯಾರು ಹೇಳು. ಮಹಿಳಾ ಸಂಘದವರನ್ನೆಲ್ಲ ಕರೆದುಕೊಂಡು ಹೋಗಿ ಅವರ ಜಗಲಿಯ ಮೇಲೆ ಕೂರುತ್ತೇನೆ. ಟವರ್ ಒಪ್ಪುವವರೆಗೆ ಏಳುವುದಿಲ್ಲ. ಹೆಸರು ಹೇಳುವಷ್ಟಾದರೂ ಧೈರ್ಯ ಇದೆಯೇ ನಿನಗೆ?

ಲೋಹಿತಾ


ಚಿನ್ನಮ್ಮನಪಲ್ಲಿ
21 ಮೇ 2024

ಅಣ್ಣ,

ಹೋದ ಪತ್ರಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ಇದಕ್ಕೆ ಬರೆಯುವುದೂ ಬೇಡ.

ನಿನ್ನೆ ಸಂಜೆ ನಮ್ಮೂರಿನ ಹನುಮಕ್ಕನ ಸೊಸೆ ಅಶ್ವಿನಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಕೂಸು. ಅಂಗೈಯಷ್ಟಿತ್ತು, ಆದರೂ ಅತ್ತಿತು. ವಾರ್ಮರ್ ಹಾಕಿದೆ, ಕಾಯಲಿಲ್ಲ. ಆಕ್ಸಿಜನ್ ಮಷೀನ್ ಕೂಗಿಕೊಂಡು ನಿಂತಿತು. ಇನ್ವರ್ಟರ್‌ನಲ್ಲಿ ಏನೂ ಉಳಿದಿರಲಿಲ್ಲ. ಕೂಸನ್ನು ತಾಯಿಯ ಎದೆಗೇ ಹಾಕಿ, ಮೇಲೆ ಸೀರೆ ಸುತ್ತಿ, ಆಂಬುಲೆನ್ಸ್ ಹತ್ತಿಸಿ ನಾನೂ ಹೋದೆ. ಪಾವಗಡದ ಬೆಟ್ಟ ಕಾಣುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಅಶ್ವಿನಿ ಮಾತ್ರ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಅವಳಿಗೆ ಹೇಳಬೇಕಾದವಳು ನಾನು.

ಕರೆಂಟಿದ್ದರೆ ಬದುಕುತ್ತಿತ್ತು ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಬದುಕುತ್ತಿರಲಿಲ್ಲ ಎಂದು ಹೇಳುವವರೂ ಇಲ್ಲ.

ನಿನ್ನ ತಡೆಯಾಜ್ಞೆಯನ್ನು ನೀನೇ ಇಟ್ಟುಕೋ.

ಲೋಹಿತಾ


ಮಧುಗಿರಿ
29 ಮೇ 2024

ಲೋಹಿತಾ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಸಾಕು.

ಯಾವ ಬಾಯಲ್ಲಿ ನನ್ನನ್ನು ಕೇಳುತ್ತೀಯ? ಆ ಟವರ್ ಬರಬೇಕಾದ್ದು ರಸ್ತೆ ಪಕ್ಕದ ನಿನ್ನ ಹೊಲದಲ್ಲಿ. ತಡೆಯಾಜ್ಞೆ ತಂದವಳು ನೀನು. ಕೋರ್ಟಿನಲ್ಲಿ 'ಲೋಹಿತಾ ಕೋಂ ಶಂಕರಲಿಂಗಪ್ಪ' ಎಂದು ಕೂಗಿದಾಗ ಎದುರು ಕಕ್ಷಿಯವನಾಗಿ ನಾನು ಅಲ್ಲೇ ನಿಂತಿದ್ದೆ. ಒಡಹುಟ್ಟಿದವಳ ಹೆಸರನ್ನು ಹಾಗೆ ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ.

ಕೇಸಿಗೆ ಮೊದಲು ಭಾವ ನನ್ನ ಬಳಿ ಬಂದಿದ್ದರು. ಲೈನನ್ನು ಪಕ್ಕಕ್ಕೆ ತಿರುಗಿಸು ಎಂದರು. ಪಕ್ಕದಲ್ಲಿರುವುದು ಕಾಲೊನಿ. ಆ ಬಡವರ ಮನೆಗಳ ಮೇಲೆ ಅಂಥ ತಂತಿ ಎಳೆಯಲಾಗುವುದಿಲ್ಲ ಎಂದೆ. "ಹೊಲ ಅವಳ್ದು. ಅಣ್ಣನಾದ್ರೂ ಸರಿ, ಬುಡಲ್ಲ ಅಂತವಳೆ. ನಾನೇನ್ ಮಾಡ್ಲಿ" ಎಂದು ಎದ್ದುಹೋದರು. ಆಮೇಲೆ ನಿನ್ನ ಪತ್ರ ಬಂತು. ವಕೀಲರು ಹೇಳಿ ಬರೆಸಿದ್ದು, ನನ್ನಿಂದ ಒಂದು ಮಾತು ಬರೆಸಿಕೊಂಡು ಕೋರ್ಟಿಗೆ ಕೊಡುತ್ತೀಯ ಎಂದುಕೊಂಡೆ. ಜಮೀನಿನವರ ಹೆಸರು ಹೇಳು ಎಂದೆಯಲ್ಲ, ಅದನ್ನು ಓದಿ ಪತ್ರವನ್ನು ಹರಿದುಹಾಕಿದೆ.

ಅರ್ಜಿದಾರಳು ನನ್ನ ತಂಗಿ ಎಂದು ಮೇಲಧಿಕಾರಿಗಳಿಗೆ ಇವತ್ತಿಗೂ ಹೇಳಿಲ್ಲ. ಆ ಕೂಸಿನ ಮಾತು ನನಗೆ ಹೇಳಲು ನಿನಗೆ ಹಕ್ಕಿಲ್ಲ. ಮೊದಲು ಕೇಸು ವಾಪಸ್ ತಗೋ.

ಬಸವೇಶ್


ಆರೋಗ್ಯ ಕೇಂದ್ರದ ಕ್ವಾರ್ಟರ್ಸ್, ಚಿನ್ನಮ್ಮನಪಲ್ಲಿ
12 ಜೂನ್ 2024

ಅಣ್ಣ,

ನನಗೆ ಗೊತ್ತಿರಲಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಪತ್ರ ಹಿಡಿದುಕೊಂಡೇ ಮಂಡಿಗೆ ಹೋದೆ. ಇವರು ಹುಣಸೆಹಣ್ಣು ತೂಕ ಹಾಕಿಸುತ್ತಿದ್ದರು. ಹಮಾಲಿಗಳ ಎದುರಿಗೇ ಕೇಳಿದೆ. ಒಳಗೆ ಬಾ ಎಂದರು, ಹೋಗಲಿಲ್ಲ. ಆ ಹೊಲ ಕೊಂಡಾಗ ನನ್ನ ಹೆಸರಿಗೆ ಮಾಡಿಸಿದ್ದು ನಿನಗೆ ಗೊತ್ತೇ ಇದೆ. ಸೈಟು ಮಾಡಲು ಭೂಪರಿವರ್ತನೆಗೆ ಬೇಕು ಎಂದು ಕಾಗದಗಳ ಕಟ್ಟು ತಂದು ಸಹಿ ಹಾಕಿಸಿಕೊಂಡಿದ್ದರು. ಡ್ಯೂಟಿಗೆ ಹೊರಟಿದ್ದೆ, ನಿಂತುಕೊಂಡೇ ಹಾಕಿಕೊಟ್ಟೆ. ಕೇಸಿನ ಕಾಗದವೂ ಅದರೊಳಗೇ ಇತ್ತು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ನೀನು ಸೈನ್ ಹಾಕ್ತಿದ್ದಾ?" ಎಂದರು.

ಆಮೇಲೆ ಅವರಿಗೂ ಸಿಟ್ಟು ಬಂತು. "ಟವರ್ ನಿಂತ್ರೆ ಅಲ್ಲಿ ಸೈಟ್ ಯಾರು ತಗೊಂತಾರೆ? ಸೋಲಾರ್‌ಗೆ ಹೊಲ ಕೊಟ್ಟೋರಿಗೆ ವರ್ಷಾ ವರ್ಷಾ ಬಾಡಿಗೆ ಬತ್ತದೆ. ಲೈನ್‌ನೋರು ಒಂದ್ಸಲ ಏನೋ ಕೊಟ್ಟು ಕೈ ತೊಳ್ಕೊಂತಾರೆ. ಊರಿಗೆ ಕರೆಂಟ್ ಬೇಕು ಅಂದ್ರೆ ನಾನೊಬ್ನೇ ಯಾಕೆ ಮುಳುಗ್ಬೇಕು?" ಈ ಮಾತಿನಲ್ಲಿ ನ್ಯಾಯವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಅಶ್ವಿನಿಯ ಕೂಸು ಹೋದ ದಿನ ನಾನು ಮನೆಗೆ ಬಂದು ಕುಸಿದು ಕೂತಾಗ ಇದೇ ಮನುಷ್ಯ ನೀರು ತಂದುಕೊಟ್ಟು, ನಿಮ್ಮಣ್ಣ ನೆಟ್ಟಗಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದಿದ್ದರು. ಅದನ್ನು ನಾನು ಹೇಗೆ ನುಂಗಲಿ?

ಪಾವಗಡಕ್ಕೆ ಹೋಗಿ ಬೇರೆ ವಕೀಲರನ್ನು ಹಿಡಿದು ಕೇಸು ವಾಪಸ್ ತೆಗೆದುಕೊಂಡೆ. ಈ ಸಲ ಪ್ರತಿಯೊಂದು ಸಾಲನ್ನೂ ಓದಿ ಸಹಿ ಹಾಕಿದೆ. ಅಲ್ಲಿಂದ ಮನೆಗೆ ಹೋಗಲಿಲ್ಲ. ಬಟ್ಟೆಗಂಟು ತಂದು ಈ ಕ್ವಾರ್ಟರ್ಸ್‌ನಲ್ಲಿದ್ದೇನೆ.

ಹನುಮಕ್ಕನ ಮನೆಗೂ ಹೋಗಿ ಹೇಳಿದೆ. ಇನ್ನೊಬ್ಬರ ಬಾಯಿಂದ ಅವರಿಗೆ ತಿಳಿಯುವುದು ಬೇಡವಾಗಿತ್ತು. ಊರಿನಲ್ಲಿ ಎಷ್ಟೋ ಜನಕ್ಕೆ ಮೊದಲೇ ಗೊತ್ತಿತ್ತಂತೆ. ಇಂಜೆಕ್ಷನ್‌ಗೆ ಬಂದು ಮುಖ ಮುಖ ನೋಡಿಕೊಳ್ಳುತ್ತಿದ್ದುದು ಅದಕ್ಕೇ. ಅಶ್ವಿನಿ ಎದ್ದು ಒಳಗೆ ಹೋಗಿಬಿಟ್ಟಳು. ಹನುಮಕ್ಕ ಅವಳ ಹಿಂದೆ ಬಾಗಿಲು ಮುಂದೆ ಮಾಡಿ ಬಂದಳು. "ನಿನ್ನ ಬಯ್ಯಾಕೆ ನಂಗೆ ಬಾಯಿ ಬರಾಕಿಲ್ಲ ಕಣಮ್ಮ. ಬಯ್ದೇ ಇರಾಕೂ ಆಗಾಕಿಲ್ಲ. ಹೋಗು, ಮೊದ್ಲು ಆ ಲೈನ್ ಎಳ್ಸು" ಎಂದಳು.

ಈಗ ನಿನ್ನ ವಿಷಯ. ಕೋರ್ಟಿನಲ್ಲಿ ನನ್ನ ಹೆಸರು ಕೂಗಿದಾಗ ನಾನು ಅಲ್ಲಿರಲಿಲ್ಲ. ಅದನ್ನು ಕಣ್ಣಾರೆ ನೋಡಿಯೂ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ನಿನ್ನ ತಂಗಿ ಕಾಲೊನಿಯವರ ತಲೆ ಮೇಲೆ ತಂತಿ ಎಳೆಸುವಂಥವಳು ಎಂದು ನಂಬಿಬಿಟ್ಟೆಯಲ್ಲ. ನಾನೂ ನಿನ್ನನ್ನು ಕಳ್ಳನೆಂದುಕೊಂಡೆ, ಹೌದು. ಆದರೆ ಅದನ್ನು ಪತ್ರದಲ್ಲಿ ನಿನಗೇ ಬರೆದೆ.

ಲೋಹಿತಾ


ಮಧುಗಿರಿ
27 ಜೂನ್ 2024

ಲೋಹಿ,

ನಾಲ್ಕಾರು ಸಲ ಬರೆದು ಹರಿದೆ. ಕೇಳಬೇಕಾಗಿತ್ತು. ಕೇಳಲಿಲ್ಲ.

ತಡೆಯಾಜ್ಞೆ ತೆರವಾಗಿದೆ. ಇನ್ನು ಯಾವ ಅಡ್ಡಿಯೂ ಇಲ್ಲ. ಕೆಲಸ ಬೇಗ ಶುರುವಾಗುತ್ತದೆ.

ಬಸವೇಶ್


ಚಿನ್ನಮ್ಮನಪಲ್ಲಿ
11 ಆಗಸ್ಟ್ 2024

ಅಣ್ಣ,

ಬೇಗ ಎಂದರೆ ನಿಮ್ಮ ಆಫೀಸಿನಲ್ಲಿ ಎಷ್ಟು ದಿನ? ಇವತ್ತು ಭಾನುವಾರ, ನಾನೇ ಸ್ಟೇಷನ್ ನೋಡಲು ಹೋಗಿದ್ದೆ. ಗೇಟಿಗೆ ಬೀಗವಿಲ್ಲ. ಕಂಟ್ರೋಲ್ ರೂಮಿನ ಒಳಗೆ ಮೇಕೆಗಳು ಮಲಗಿದ್ದವು. ಟ್ರಾನ್ಸ್‌ಫಾರ್ಮರ್ ಸುತ್ತ ಸೊಂಟದೆತ್ತರ ಹುಲ್ಲು. ಒಬ್ಬ ಕೂಲಿಯವನೂ ಇಲ್ಲ. ನಿಮ್ಮ ಕಿರಿಯ ಇಂಜಿನಿಯರ್ ಹುಡುಗಿ ರಕ್ಷಾ ಒಬ್ಬಳೇ ಬಂದು ಏನೋ ಅಳೆದುಕೊಳ್ಳುತ್ತಿದ್ದಳು. ಯಾಕಮ್ಮ ಹೀಗೆ ಎಂದು ಕೇಳಿದ್ದಕ್ಕೆ ಪಾಪ, ಇದ್ದದ್ದು ಇದ್ದ ಹಾಗೆ ಹೇಳಿದಳು.

"ಸಿಸ್ಟರ್, ಕೇಸ್ ಇದೆಯಲ್ಲ ಅಂತ ಎಲ್ಲರೂ ಕೈ ಕಟ್ಟಿಕೊಂಡು ಕೂತುಬಿಟ್ರು. ಕಾಂಟ್ರಾಕ್ಟರ್ ಜನಾನ ಸಿರಾ ಕಡೆ ಇನ್ನೊಂದು ಕೆಲಸಕ್ಕೆ ಕಳಿಸಿದ್ರು. ಕಂಟ್ರೋಲ್ ಪ್ಯಾನೆಲ್ ಡ್ರಾಯಿಂಗ್ ಸಹಿ ಆಗದೆ ಸರ್ ಟೇಬಲ್ ಮೇಲೇ ಉಳೀತು. ತೊಂದರೆ ಆದ್ರೆ ಲೈನ್ ಕಡಿಯೋ ಬ್ರೇಕರ್‌ಗೆ ಆರ್ಡರೇ ಹೋಗಿಲ್ಲ. ಲೈನೇ ಬರದ ಮೇಲೆ ಯಾಕೆ ಅರ್ಜೆಂಟು ಅಂತ."

ಅರ್ಥವಾಯಿತೇ ಅಣ್ಣ? ತಕರಾರಿದ್ದದ್ದು ಒಂದು ಟವರ್‌ಗೆ. ನೀವು ನಿಲ್ಲಿಸಿದ್ದು ಎಲ್ಲವನ್ನೂ. ನನ್ನ ಹೆಸರಿನ ಹಿಂದೆ ಇಡೀ ಆಫೀಸೇ ಅವಿತು ಕೂತಿತ್ತು. ನಾನು ಮಾರನೆಯ ದಿನವೇ ಕೇಸು ಹಿಂತೆಗೆದಿದ್ದರೂ ನೀವು ಕರೆಂಟು ಕೊಡುತ್ತಿರಲಿಲ್ಲ. ಕೊಡಲು ನಿಮ್ಮ ಬಳಿ ಏನೂ ತಯಾರಿರಲಿಲ್ಲ.

ಹೆರಿಗೆ ಆಗಲಿ, ಆಮೇಲೆ ಕತ್ತರಿ ಕುದಿಸೋಣ ಎಂದು ಯಾವ ನರ್ಸೂ ಕೂರುವುದಿಲ್ಲ. ಬಸುರಿ ಬಾಗಿಲಿಗೆ ಬರುವ ಮೊದಲೇ ನಮ್ಮ ಟ್ರೇ ಸಿದ್ಧವಾಗಿರುತ್ತದೆ. ನಿನ್ನ ಟೇಬಲ್ ಮೇಲಿನ ಡ್ರಾಯಿಂಗ್‌ಗೆ ಯಾವ ಕೋರ್ಟು ತಡೆ ಕೊಟ್ಟಿತ್ತು?

ನಾನು ಗಂಡನ ಮನೆ ಬಿಟ್ಟು ಬಂದದ್ದು ಮೇಕೆ ಮಲಗಲಿ ಎಂದಲ್ಲ.

ಲೋಹಿತಾ


ಪಾವಗಡ
19 ಸೆಪ್ಟೆಂಬರ್ 2024

ಲೋಹಿ,

ಮೇಲಿನ ವಿಳಾಸ ನೋಡು. ನಿನ್ನ ಪತ್ರ ಬಂದ ವಾರವೇ ಇಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ರೂಮು ಹಿಡಿದೆ. ಬೆಳಿಗ್ಗೆಯಿಂದ ಸೈಟಿನಲ್ಲೇ ಇರುತ್ತೇನೆ. ನಿನ್ನ ಕ್ವಾರ್ಟರ್ಸ್ ಮುಂದೆಯೇ ಜೀಪು ಹೋಗುತ್ತದೆ. ನಿಲ್ಲಿಸಲು ಮುಖವಿಲ್ಲ.

ನೀನು ಬರೆದದ್ದಕ್ಕೆ ಕೆಲಸದಲ್ಲೇ ಉತ್ತರ ಕೊಡುತ್ತಿದ್ದೇನೆ. ಚೇತನ್ ಕುಮಾರ್ ಫೋನಿನಲ್ಲಿ, ಸಿರಾ ಕೆಲಸ ಮುಗಿಸಿಕೊಂಡು ಬರುತ್ತೇನೆ ಸಾರ್ ಎನ್ನುತ್ತಲೇ ಇದ್ದ. ಸಿರಾಕ್ಕೇ ಹೋಗಿ ಅವನ ಎದುರು ನಿಂತೆ. "ನಾಳೆ ಅಲ್ಲಿ ಜನ ಇಲ್ಲ ಅಂದ್ರೆ ನಿಮ್ಮ ಗುತ್ತಿಗೆ ರದ್ದು ಮಾಡಿ ಅಂತ ಬರೀತೀನಿ. ನಾನು ಇಷ್ಟು ದಿನ ಸುಮ್ಮನಿದ್ದೆ ಅಂತ ಅದೇ ಕಾಗದದಲ್ಲಿ ಬರೀತೀನಿ. ಹೋಗೋದಾದ್ರೆ ಇಬ್ರೂ ಹೋಗೋಣ" ಎಂದೆ. ಜನ ಬಂದರು.

ಈಗ ಒಂದಕ್ಕೆ ಇನ್ನೊಂದನ್ನು ಕಾಯಿಸುತ್ತಿಲ್ಲ. ಟವರ್ ಏಳುತ್ತಿರುವಾಗಲೇ ಒಳಗೆ ಪ್ಯಾನೆಲ್ ಕೂರಿಸುತ್ತಿದ್ದಾರೆ. ಬ್ರೇಕರ್ ಹೊಸದಾಗಿ ತರಿಸಿದರೆ ಮುಂದಿನ ಬೇಸಿಗೆಯೇ ಆಗುತ್ತದೆ. ಕೊರಟಗೆರೆ ಕಡೆಯ ಒಂದು ಸ್ಟೇಷನ್‌ನಲ್ಲಿ ಬಳಸದೆ ಇಟ್ಟಿದ್ದು ಇದೆಯೆಂದು ರಕ್ಷಾ ಪತ್ತೆ ಮಾಡಿದಳು. ಅದನ್ನು ಬಿಡಿಸಿಕೊಳ್ಳಲು ಮೂರು ಆಫೀಸುಗಳ ಬಾಗಿಲಲ್ಲಿ ಕೂತೆ. ಒಬ್ಬ ಗುಮಾಸ್ತರು ಇಷ್ಟು ಅವಸರ ಯಾಕೆ ಸಾರ್ ಎಂದರು. ನಾನೂ ಎಷ್ಟೋ ಜನಕ್ಕೆ ಹಾಗೆಯೇ ಕೇಳಿದ್ದವನು. ಸಹಿ ಆಗುವವರೆಗೆ ಅಲ್ಲಿಂದ ಏಳಲಿಲ್ಲ.

ನಿನ್ನ ಹೊಲದಲ್ಲಿ ಟವರ್ ನಿಲ್ಲಿಸಿದ ದಿನ ಭಾವ ಬಂದು ಬೈಕಿನ ಮೇಲೆ ಕೂತು ದೂರದಿಂದಲೇ ನೋಡಿದರು. ಕೊನೆಯ ಬೋಲ್ಟ್ ಬಿಗಿದ ಮೇಲೆ ಬೈಕು ತಿರುಗಿಸಿಕೊಂಡು ಹೋದರು.

ಬಸವೇಶ್


ಚಿನ್ನಮ್ಮನಪಲ್ಲಿ
24 ಜನವರಿ 2025

ಅಣ್ಣ,

ರಕ್ಷಾ ಕಾಲಿಗೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬಂದಿದ್ದಳು. ಇನ್‌ಸ್ಪೆಕ್ಷನ್ ಮುಗಿದು ಒಪ್ಪಿಗೆಯೂ ಬಂದಿದೆಯಂತೆ. ಇನ್ನು ಸ್ವಿಚ್ ಹಾಕುವುದೊಂದೇ ಬಾಕಿ. ಹಾಗಾದರೆ ಯಾಕೆ ಹಾಕಿಲ್ಲ ಎಂದೆ. ತಲೆ ತಗ್ಗಿಸಿದಳು. ಉದ್ಘಾಟನೆಗೆ ದೊಡ್ಡವರ ತಾರೀಖು ಸಿಕ್ಕಿಲ್ಲವಂತೆ. ಸಂಕ್ರಾಂತಿಗೆ ಅಂದರು, ಆಗಲಿಲ್ಲ. ಶಾಮಿಯಾನ ಹಾಕಿದ್ದನ್ನು ಬಿಚ್ಚಿಕೊಂಡು ಹೋದರು.

ನನ್ನ ಗಂಡ ಒಂದು ಹೊಲಕ್ಕಾಗಿ ತಡೆದರು. ನೀವು ಒಂದು ರಿಬ್ಬನ್‌ಗಾಗಿ ತಡೆಯುತ್ತಿದ್ದೀರಿ. ಅವರಿಗಾದರೂ ಕಳೆದುಕೊಳ್ಳುವುದು ಒಂದಿತ್ತು.

ಮೊನ್ನೆ ಸಂಜೆಯೂ ಒಂದು ಹೆರಿಗೆ ಮಾಡಿಸಿದೆ. ಮಗು ಗಟ್ಟಿಯಾಗಿತ್ತು, ಉಳಿಯಿತು. ಟಾರ್ಚ್ ಬೆಳಕಿನಲ್ಲಿ ಎರಡು ಸಲ ಅದರ ಉಸಿರು ಎಣಿಸಿದೆ.

ಲೋಹಿತಾ


ಪಾವಗಡ
8 ಫೆಬ್ರವರಿ 2025

ಲೋಹಿ,

ನಿನಗೆ ಈಗಾಗಲೇ ಗೊತ್ತಾಗಿರುತ್ತದೆ. ಆದರೂ ನಾನೇ ಹೇಳಬೇಕು.

ನಿನ್ನ ಪತ್ರ ಓದಿ ಮೇಲಧಿಕಾರಿಗಳಿಗೆ ಫೋನ್ ಮಾಡಿದೆ. ಸ್ವಲ್ಪ ತಡೀರಿ ಎಂದರು. ತಡೆಯಿರಿ ಎಂದು ಬರೆದುಕೊಡಿ ಸರ್ ಎಂದೆ. ಬರೆದುಕೊಡಲಿಲ್ಲ. ಗುರುವಾರ ಬೆಳಿಗ್ಗೆ ಸ್ಟೇಷನ್‌ಗೆ ಹೋಗಿ ಲೈನ್ ಚಾರ್ಜ್ ಮಾಡೋಣ, ಕರೆಂಟು ಬಿಡೋಣ ಎಂದೆ. ರಕ್ಷಾ ಹೆದರಿದಳು. "ಸರ್, ಮೇಲಿಂದ ಹೇಳಿಲ್ಲವಲ್ಲ" ಎಂದಳು.

"ಬೇಡ ಅಂತಲೂ ಯಾರೂ ಕಾಗದ ಕೊಟ್ಟಿಲ್ಲ. ನಾನು ಹೇಳಿದೆ ಅಂತ ಬರ್ಕೊಳಮ್ಮ."

ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಮಾರನೆಯ ದಿನ ಎಲ್ಲ ಸರಿ ಇದೆಯೆಂದು ನೋಡಿಕೊಂಡು ಮೊದಲು ನಿಮ್ಮ ಊರಿನ ಲೈನಿಗೆ ಬಿಟ್ಟೆವು. ಸಂತೋಷ ಆಗುತ್ತದೆಂದುಕೊಂಡಿದ್ದೆ. ಆಗಲಿಲ್ಲ. ಇದನ್ನು ಹೋದ ವರ್ಷವೇ ಮಾಡಬಹುದಿತ್ತು ಎನ್ನುವುದೇ ತಲೆಯಲ್ಲಿತ್ತು.

ಇವತ್ತು ಬೀದರ್‌ಗೆ ವರ್ಗವಾಗಿ ಆದೇಶ ಬಂದಿದೆ. ತಕ್ಷಣ ಹೊರಡಬೇಕು.

ಬಸವೇಶ್


ಚಿನ್ನಮ್ಮನಪಲ್ಲಿ
2 ಮಾರ್ಚ್ 2025

ಅಣ್ಣ,

ನಿನ್ನೆ ಉದ್ಘಾಟನೆ ಆಯಿತು. ಶಾಮಿಯಾನ, ಮೈಕು, ಹಾರ ಎಲ್ಲ ಇತ್ತು. ಗೋಡೆಗೆ ಕಲ್ಲು ಕೂರಿಸಿದ್ದಾರೆ. ಸಾಲು ಸಾಲು ಹೆಸರುಗಳಲ್ಲಿ ಚೇತನ್ ಕುಮಾರನ ಹೆಸರೂ ಇದೆ. ನಿನ್ನದು ಇಲ್ಲ. ರಕ್ಷಾ ಹಿಂದೆ ನಿಂತಿದ್ದಳು, ಅವಳನ್ನು ಯಾರೂ ಮುಂದಕ್ಕೆ ಕರೆಯಲಿಲ್ಲ.

ಇವರೂ ಬಂದಿದ್ದರು. ಮನೆಗೆ ಬಾ ಎಂದು ಮೆಲ್ಲಗೆ ಕರೆದರು. ಇನ್ನೂ ಇಲ್ಲ ಎಂದೆ. ಆ ಹೊಲದಲ್ಲಿ ಟವರ್ ಬಿಟ್ಟು ಉಳಿದದ್ದಕ್ಕೆ ಹುಣಸೆ ಸಸಿ ಹಾಕಿಸುತ್ತೇನೆ, ನಾನೇ. ಅದನ್ನು ಮಾತ್ರ ಹೇಳಿದೆ. ತಲೆಯಾಡಿಸಿ ಹೋದರು.

ಹನುಮಕ್ಕ ಸೊಸೆಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ದೊಡ್ಡವರು ಬಟನ್ ಒತ್ತಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೆ ಕಾದು ಹನುಮಕ್ಕ ಮೈಕಿಗೂ ಕೇಳಿಸುವಂತೆ ಹೇಳಿದಳು, "ಮೂರ್ ವಾರದಿಂದ ಉರೀತಿರೋ ದೀಪಾನ ಇವತ್ತು ಹಚ್ಚಾಕ್ ಬಂದವ್ರೆ ನೋಡ್ರವ್ವ. ಹಚ್ದೋನ್ನ ಎಲ್ಲಿಗೆ ಕಳಿಸಿದ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಶ್ವಿನಿ ನಗಲಿಲ್ಲ. ಆದರೆ ಆ ಜೂನ್‌ನಿಂದ ಈಚೆಗೆ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದಳು. ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ನಿನಗೂ ನನ್ನ ಮೇಲೆ ಇರುತ್ತದೆ. ರಜೆ ಹಾಕಿ ಬಾ. ಎದುರು ಬದುರು ಕೂತು ಜಗಳ ಆಡಬೇಕು, ಆಮೇಲೆ ಊಟ ಹಾಕುತ್ತೇನೆ.

ಲೋಹಿ